ಗೂಡಿನಿಂದ ತಪ್ಪಿಸಿಕೊಂಡ ಬಾಲ್ ಪೈಥಾನ್: ಬಳ್ಳಾರಿಯ ಬೇಸಿಗೆಯಲ್ಲಿ ಎಲ್ಲಿ ಹುಡುಕಬೇಕು?

ಪ್ರಶ್ನೆ: ಕೋಟೆಬೆಟ್ಟ (ಬಳ್ಳಾರಿ)

ನಾಲ್ಕು ವರ್ಷಗಳಿಂದ ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್ (ಆಫ್ರಿಕ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಇದೆ. ಹೆಣ್ಣು, ಮೂರೂವರೆ ಅಡಿ ಉದ್ದ, ಹೋದ ತಿಂಗಳು ತೂಗಿದಾಗ 1,200 ಗ್ರಾಂ ಇತ್ತು. ಭಾನುವಾರ ರಾತ್ರಿ ಕರೆಂಟ್ ಹೋಗಿದ್ದಾಗ ಮೊಬೈಲಿನ ಬೆಳಕಿನಲ್ಲಿ ಅದರ ನೀರಿನ ಬೋಗುಣಿಯನ್ನು ಬದಲಿಸಿದೆ. ಗಾಜಿನ ಜಾರುಬಾಗಿಲನ್ನು ಎಳೆದದ್ದು ನೆನಪಿದೆ, ಬೀಗ ಸಿಕ್ಕಿಸಿದ್ದು ನೆನಪಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲು ಎರಡು ಬೆರಳಿನಷ್ಟು ಸರಿದಿತ್ತು, ಒಳಗೆ ಹಾವು ಇರಲಿಲ್ಲ. ಇಂದಿಗೆ ಮೂರು ರಾತ್ರಿಗಳು ಕಳೆದವು.

ಅಂತರ್ಜಾಲದಲ್ಲಿ ಸಿಕ್ಕ ಸಲಹೆಗಳೆಲ್ಲವೂ ಬೆಚ್ಚಗಿನ ಜಾಗಗಳಲ್ಲಿ ಹುಡುಕಿ ಎನ್ನುತ್ತವೆ. ಅದರಂತೆ ಫ್ರಿಜ್ಜಿನ ಹಿಂಬದಿ, ಇನ್ವರ್ಟರ್ ಇಟ್ಟ ಮೂಲೆ, ಟಿವಿಯ ಹಿಂದಿನ ಗೂಡು, ಗ್ಯಾಸ್ ಕಟ್ಟೆಯ ಕೆಳಭಾಗ, ಇವೆಲ್ಲವನ್ನೂ ದಿನಕ್ಕೆ ಎರಡು ಬಾರಿ ನೋಡುತ್ತಿದ್ದೇನೆ. ನಮ್ಮದು ಹಳೆಯ ಮನೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದೆ, ಎರಡೂ ಬದಿಯ ಮನೆಗಳಿಗೂ ನಮಗೂ ಒಂದೇ ಗೋಡೆ, ಹಿಂದೆ ಬಚ್ಚಲು, ಅಲ್ಲಿಂದ ಗಟಾರಕ್ಕೆ ಹೋಗುವ ಒಂದು ಮೋರಿ. ಆ ಮೋರಿಯ ಜಾಲರಿ ಒಂದು ಮೂಲೆಯಲ್ಲಿ ತುಕ್ಕು ಹಿಡಿದು ಹರಿದಿರುವುದನ್ನು ನಾನು ಗಮನಿಸಿದ್ದು ಸೋಮವಾರ, ಹಾವು ಹೋದ ಮೇಲೆ.

ಹಾವನ್ನು 2024ರಲ್ಲಿಯೇ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಿದ್ದೇನೆ, ಆದ್ದರಿಂದ ಕಾನೂನಿಗೆ ಹೆದರಿ ಮುಚ್ಚಿಡುವ ಪ್ರಮೇಯವಿಲ್ಲ. ಆದರೂ ಪಕ್ಕದವರಿಗೆ ಹೇಳಲು ಬಾಯಿ ಬರುತ್ತಿಲ್ಲ, ಏಕೆಂದರೆ ಅವರ ಮನೆಯಲ್ಲಿ ಎರಡು ವರ್ಷದ ಮಗುವಿದೆ. ನಮ್ಮ ತಾಯಿಯಂತೂ ಮೂರು ರಾತ್ರಿಗಳಿಂದ ಮಂಚದ ಮೇಲೆ ಕಾಲು ಮಡಚಿ ಕುಳಿತಲ್ಲಿಯೇ ತೂಕಡಿಸುತ್ತಿದ್ದಾರೆ. ಈ ಬಿಸಿಲಿನಲ್ಲಿ ಅದು ಎಲ್ಲಿ ಸೇರಿಕೊಂಡಿರಬಹುದು, ಹೊರಗೆ ಹೋಗಿದ್ದರೆ ಬದುಕೀತೇ, ಪಕ್ಕದವರಿಗೆ ಈಗಲೇ ಹೇಳಬೇಕೇ ಅಥವಾ ಇನ್ನೆರಡು ದಿನ ಹುಡುಕಿದ ಮೇಲೆ ಹೇಳಬಹುದೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಎರೆಹೊಲ (ರಾಯಚೂರು)

ನೀವು ಹುಡುಕುತ್ತಿರುವ ದಿಕ್ಕನ್ನೇ ಮೊದಲು ಬದಲಿಸಿರಿ. ಬೆಚ್ಚಗಿನ ಜಾಗದಲ್ಲಿ ನೋಡಿ ಎಂಬ ಮಾತು ಸುಳ್ಳಲ್ಲ, ಆದರೆ ಅದನ್ನು ಬರೆದವರು ಚಳಿಯ ದೇಶಗಳವರು. ಅವರ ಮನೆಗಳಲ್ಲಿ ಗೂಡಿನಿಂದ ಹೊರಬಿದ್ದ ಹಾವಿಗೆ ಚಳಿಯಾಗುತ್ತದೆ, ಅದು ಕಾವು ಇರುವಲ್ಲಿಗೆ ಹೋಗುತ್ತದೆ. ಬಾಲ್ ಪೈಥಾನಿಗೆ ಹಿತವಾದ ತಾಪಮಾನ ಸುಮಾರು 26ರಿಂದ 32 ಡಿಗ್ರಿ. ನಮ್ಮ ಕಡೆ ಏಪ್ರಿಲ್ ತಿಂಗಳಿನಲ್ಲಿ ಹೊರಗೆ 40 ದಾಟುತ್ತದೆ, ದಿನವಿಡೀ ಕಾದ ಮಾಳಿಗೆಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ಆರುವುದಿಲ್ಲ. ಇಂಥ ಸೆಖೆಯಲ್ಲಿ ಫ್ರಿಜ್ಜಿನ ಹಿಂಬದಿ ಅದರ ಪಾಲಿಗೆ ಕುಲುಮೆಯಿದ್ದಂತೆ. ತನ್ನ ಮೈಯನ್ನು ತಾನೇ ತಣ್ಣಗೆ ಮಾಡಿಕೊಳ್ಳಲಾಗದ ಪ್ರಾಣಿ ತಂಪು ಇರುವಲ್ಲಿಗೆ ಸರಿಯುತ್ತದೆ. ಅದರ ತವರಾದ ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳಲ್ಲಿಯೂ ಕಡು ಬೇಸಿಗೆಯಲ್ಲಿ ಅದು ಇಲಿಗಳ ಬಿಲಗಳಲ್ಲಿ, ಹುತ್ತಗಳಲ್ಲಿ ಅಡಗಿ ದಿನ ದೂಡುತ್ತದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಬಿಲದಂತೆ ಕತ್ತಲೆಯಾಗಿ, ಇಕ್ಕಟ್ಟಾಗಿ, ತೇವವಾಗಿ ಇರುವ ಜಾಗಗಳು ಯಾವುವು ಎಂದು ಯೋಚಿಸಿ, ಅಲ್ಲಿಂದ ಆರಂಭಿಸಿರಿ.

ಎರಡು ವರ್ಷಗಳ ಹಿಂದೆ ಇದೇ ತಿಂಗಳಿನಲ್ಲಿ ನನ್ನ ಹಾವು ತಪ್ಪಿಸಿಕೊಂಡಿತ್ತು, ಸಿಕ್ಕಿದ್ದು ಹನ್ನೊಂದನೆಯ ದಿನ. ನಾನೂ ನಿಮ್ಮಂತೆಯೇ ಇನ್ವರ್ಟರ್ ಸುತ್ತ ಸುಳಿದಾಡುತ್ತಿದ್ದೆ. ಕೊನೆಗೆ ಒಂದು ಸಂಜೆ ಕೂಲರಿಗೆ ನೀರು ತುಂಬುವಾಗ, ಅದರ ಹುಲ್ಲಿನ ಪ್ಯಾಡ್ ಎಲ್ಲೆಡೆ ನೆನೆದು ಕಪ್ಪಾಗಿದ್ದರೂ ಒಂದು ಮೂಲೆಯಲ್ಲಿ ಮಾತ್ರ ಗೇಣುದ್ದ ಒಣಗಿ ಬೆಳ್ಳಗಿರುವುದು ಕಣ್ಣಿಗೆ ಬಿತ್ತು. ಪಂಪು ಕೆಟ್ಟಿದೆಯೆಂದುಕೊಂಡು ತಗಡಿನ ಚೌಕಟ್ಟನ್ನು ಬಿಚ್ಚಿದರೆ, ಪ್ಯಾಡಿಗೂ ತಗಡಿಗೂ ನಡುವೆ ಹಾವು ಮೈ ಚಪ್ಪಟೆ ಮಾಡಿಕೊಂಡು ಮಲಗಿತ್ತು. ಮೇಲಿನಿಂದ ಇಳಿಯುವ ನೀರಿಗೆ ಅದರ ಬೆನ್ನು ಅಡ್ಡ ಬಂದದ್ದರಿಂದ ಕೆಳಗಿನ ಹುಲ್ಲು ಒಣಗಿತ್ತು. ಫ್ಯಾನಿನ ಅಲಗುಗಳಿಂದ ಅದು ನಾಲ್ಕು ಬೆರಳು ದೂರದಲ್ಲಿತ್ತು ಎಂಬುದನ್ನು ನೆನೆದರೆ ಈಗಲೂ ನನಗೆ ಎದೆ ಝಲ್ಲೆನ್ನುತ್ತದೆ. ನಿಮ್ಮ ಮನೆಯಲ್ಲಿ ಕೂಲರ್ ಇದ್ದರೆ ಇದನ್ನು ಓದಿದ ತಕ್ಷಣ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಮೂರೂ ಬದಿಯ ಪ್ಯಾಡುಗಳನ್ನು ಬಿಚ್ಚಿ ನೋಡಿರಿ. ಆಮೇಲೆ ಬಚ್ಚಲಿನ ಒಗೆಯುವ ಕಲ್ಲಿನ ಅಡಿ, ನೀರಿನ ಡ್ರಮ್ಮಿನ ಹಿಂದೆ, ಕುಡಿಯುವ ನೀರಿನ ಗಡಿಗೆಯ ಬುಡ, ಅಕ್ಕಿ ಮತ್ತು ಜೋಳದ ಚೀಲಗಳ ನಡುವೆ, ಮಡಚಿಟ್ಟ ಕೌದಿಗಳ ಒಳಗೆ ನೋಡಿರಿ. ಕೌದಿಗಳನ್ನು ಒಂದೊಂದಾಗಿ ಬಿಡಿಸಬೇಕು, ಮೇಲಿನಿಂದ ತಟ್ಟಿ ನೋಡಿದರೆ ಗೊತ್ತಾಗುವುದಿಲ್ಲ.

ಹುಡುಕುವುದಕ್ಕೂ ಮೊದಲು ದಾರಿಗಳನ್ನು ಮುಚ್ಚಬೇಕು. ಆ ಮೋರಿಯ ಬಾಯಿಗೆ ಇಂದೇ ಹೊಸ ಜಾಲರಿ ಹಾಕಿಸಿರಿ, ಅದು ಸಿಗುವ ತನಕ ನೀರು ಹೋಗುವಷ್ಟು ಸಂದು ಬಿಟ್ಟು ಇಟ್ಟಿಗೆ ಇಡಿರಿ. ಹಾವಿನ ತಲೆ ತೂರುವಷ್ಟು ಸಂದಿದ್ದರೆ ಮೈಯೂ ತೂರುತ್ತದೆ ಎಂದೇ ತಿಳಿಯಬೇಕು. ರಾತ್ರಿ ಮಲಗುವ ಮುನ್ನ ಪ್ರತಿ ಕೋಣೆಯ ಹೊಸ್ತಿಲಿನ ಉದ್ದಕ್ಕೂ ಜೋಳದ ಹಿಟ್ಟನ್ನು ತೆಳ್ಳಗೆ ಜರಡಿ ಹಿಡಿದು ಉದುರಿಸಿರಿ. ಕಪ್ಪು ಕಲ್ಲಿನ ನೆಲದ ಮೇಲೆ ಅದು ಸ್ಪಷ್ಟವಾಗಿ ಕಾಣುತ್ತದೆ, ಹಾವು ದಾಟಿದ್ದರೆ ಬೆಳಿಗ್ಗೆ ಎರಡು ಬೆರಳು ಅಗಲದ ಒಂದು ಪಟ್ಟಿ ಒರೆಸಿ ಹೋಗಿರುತ್ತದೆ. ಹಲ್ಲಿ ಅಥವಾ ಇಲಿ ದಾಟಿದ್ದರೆ ಚುಕ್ಕಿಗಳಂಥ ಹೆಜ್ಜೆಗಳು ಮೂಡುತ್ತವೆ, ಎರಡನ್ನೂ ಗುರುತಿಸುವುದು ಕಷ್ಟವಲ್ಲ. ಎಲ್ಲಾ ದೀಪಗಳನ್ನು ಆರಿಸಿ, ರಾತ್ರಿ ಹತ್ತರ ನಂತರ ಮತ್ತು ನಸುಕಿಗೆ ಮುನ್ನ ಟಾರ್ಚ್ ಹಿಡಿದು ಒಂದೊಂದು ಸುತ್ತು ಬರಬೇಕು. ಇದು ಇರುಳು ಸಂಚರಿಸುವ ಪ್ರಾಣಿಯಾದ್ದರಿಂದ ಹಗಲಿನ ಹುಡುಕಾಟದಲ್ಲಿ ನೀವು ಮಾತ್ರ ದಣಿಯುತ್ತೀರಿ. ಅದರ ಗೂಡಿನ ಬಾಗಿಲನ್ನು ತೆರೆದೇ ಇಟ್ಟು ಒಳಗೆ ನೀರು ಇಡಿರಿ.

ಯಾರು ಎಷ್ಟು ಹೇಳಿದರೂ ಇಲಿ ಹಿಡಿಯುವ ಅಂಟಿನ ಹಲಗೆ ಇಡಬೇಡಿರಿ. ಅದಕ್ಕೆ ಅಂಟಿಕೊಂಡ ಹಾವು ಬಿಡಿಸಿಕೊಳ್ಳಲು ಹೊರಳಾಡಿ ಚರ್ಮವನ್ನೇ ಕಿತ್ತುಕೊಳ್ಳುತ್ತದೆ. ಫಿನಾಯಿಲ್, ನುಸಿಗುಳಿಗೆ, ಹೊಗೆ ಇವು ಯಾವುವೂ ಬೇಡ. ಇವುಗಳಿಂದ ಹಾವು ಹೊರಬರುವ ಬದಲು ಇನ್ನೂ ಆಳಕ್ಕೆ ಸೇರಿಕೊಳ್ಳುತ್ತದೆ.

ಆಹಾರದ ಚಿಂತೆ ಬೇಡ, ಆರೋಗ್ಯವಾಗಿರುವ ಹಾವು ವಾರಗಟ್ಟಲೆ ಉಪವಾಸ ಇರಬಲ್ಲದು. ಚಿಂತೆ ಇರುವುದು ನೀರಿನದು. ಗೋಡೆಯ ಅಂಚಿನುದ್ದಕ್ಕೂ ಅಲ್ಲಲ್ಲಿ ಅಗಲ ಬಾಯಿಯ ತಟ್ಟೆಗಳಲ್ಲಿ ನೀರು ಇಡಿರಿ.

ಉತ್ತರ: ಗಂಗಾವತಿಯ ಗದ್ದೆ (ಕೊಪ್ಪಳ ಜಿಲ್ಲೆ)

ಎಲ್ಲಿ ಹುಡುಕಬೇಕೆಂಬುದಕ್ಕೆ ಮೇಲಿನ ಉತ್ತರ ಸಾಕು. ಪಕ್ಕದವರಿಗೆ ಹೇಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದನ್ನು ಓದಿ ಮುಗಿಸಿದ ಕೂಡಲೇ ಹೋಗಿ ಹೇಳಿರಿ, ನಾಳೆಯವರೆಗೂ ಕಾಯಬೇಡಿರಿ.

ನಾನು ಹನ್ನೆರಡು ವರ್ಷಗಳಿಂದ ಮನೆಗಳಲ್ಲಿ ಸೇರಿಕೊಂಡ ಹಾವುಗಳನ್ನು ಹಿಡಿದು ಬಿಡುವ ಕೆಲಸ ಮಾಡುತ್ತಿದ್ದೇನೆ. ಒಮ್ಮೆ ನಮ್ಮ ಊರಿನ ಒಂದು ಓಣಿಯಿಂದ, ಮನೆಯ ಮೆಟ್ಟಿಲ ಕೆಳಗೆ ಕೊಳಕುಮಂಡಲ ಸುತ್ತಿ ಕುಳಿತಿದೆ ಎಂಬ ಕರೆ ಬಂತು. ನಾನು ತಲುಪುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಸತ್ತು ಬಿದ್ದದ್ದು ಒಂದು ಬಾಲ್ ಪೈಥಾನ್. ಈ ಹಾವಿನ ಹೆಸರಿನ ಗುಟ್ಟೇ ಅದರ ಭಯದಲ್ಲಿದೆ: ಹೆದರಿದಾಗ ಅದು ಓಡುವುದಿಲ್ಲ, ಬುಸುಗುಟ್ಟಿ ಮೇಲೆ ಬರುವುದೂ ಅಪರೂಪ, ತಲೆಯನ್ನು ಮಧ್ಯಕ್ಕೆ ಸೇರಿಸಿಕೊಂಡು ಮೈಯನ್ನೆಲ್ಲಾ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಹೊಡೆದವರು ನನಗೆ ಹೇಳಿದ್ದು, ಅದು ಸುತ್ತಿಕೊಂಡು ಹಾರಿ ಕಚ್ಚಲು ಹೊಂಚು ಹಾಕುತ್ತಿತ್ತು ಎಂದು. ಅವರನ್ನು ನಾನು ದೂರಲಾರೆ, ಕೊಳಕುಮಂಡಲದಿಂದ ಜನ ಸಾಯುವುದನ್ನು ಕಂಡ ಊರು ನಮ್ಮದು. ಆದರೆ ಆ ಗುಂಪಿನ ಅಂಚಿನಲ್ಲಿ, ಅದೇ ಓಣಿಯ ಒಬ್ಬ ಹುಡುಗ ಮಾತಿಲ್ಲದೆ ನಿಂತಿದ್ದ. ಎಲ್ಲರೂ ಚದುರಿದ ಮೇಲೆ ಹತ್ತಿರ ಬಂದು, ಆ ಹಾವು ತನ್ನದು, ಕಳೆದು ಒಂಬತ್ತು ದಿನಗಳಾಗಿದ್ದವು, ಬೈಸಿಕೊಳ್ಳುವ ಭಯಕ್ಕೆ ಯಾರಿಗೂ ಹೇಳಿರಲಿಲ್ಲ ಎಂದ. ಒಂದು ಫೋಟೊ ತೋರಿಸಿ ಒಂದು ಮಾತು ಹೇಳಿದ್ದರೆ ಆ ಪ್ರಾಣಿ ಉಳಿಯುತ್ತಿತ್ತು.

ಆದ್ದರಿಂದ ಮೊಬೈಲಿನಲ್ಲಿ ನಿಮ್ಮ ಹಾವಿನ ಎರಡು ಫೋಟೊ ಇಟ್ಟುಕೊಳ್ಳಿರಿ, ಒಂದು ಮೈ ಚಾಚಿದ್ದು, ಇನ್ನೊಂದು ಚೆಂಡಿನಂತೆ ಸುತ್ತಿಕೊಂಡದ್ದು. ಅಕ್ಕಪಕ್ಕದ ಮನೆಗಳಿಗೂ ಹಿಂದಿನ ಓಣಿಗೂ ಹೋಗಿ, ಇದಕ್ಕೆ ವಿಷವಿಲ್ಲ, ಕಂಡರೆ ಹೊಡೆಯಬೇಡಿ, ಎಷ್ಟು ಹೊತ್ತಿನಲ್ಲಾದರೂ ನನ್ನನ್ನು ಕರೆಯಿರಿ ಎಂದು ಹೇಳಿ ನಿಮ್ಮ ನಂಬರ್ ಕೊಟ್ಟು ಬನ್ನಿರಿ. ಮಗುವಿರುವ ಮನೆಯವರಿಗೆ, ಮಗುವನ್ನು ನೆಲದ ಮೇಲೆ ಮಲಗಿಸಬೇಡಿ, ತೊಟ್ಟಿಲು ಅಥವಾ ಮಂಚವನ್ನು ಬಳಸಿ ಎಂದು ನೀವೇ ಹೇಳಿರಿ. ಮೂರೂವರೆ ಅಡಿಯ ಈ ಹಾವು ಮಗುವನ್ನು ಬೇಟೆಯೆಂದು ನೋಡುವುದಿಲ್ಲ, ಆದರೆ ತುಳಿದರೆ ಯಾವ ಹಾವಾದರೂ ಕಚ್ಚುತ್ತದೆ. ಕಚ್ಚಿದ್ದು ನಿಮ್ಮ ಹಾವೇ ಎಂದು ಖಚಿತವಾಗಿದ್ದರೆ ಸೋಪು ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿದರೆ ಸಾಕು. ಖಚಿತವಿಲ್ಲದಿದ್ದರೆ ವಿಷದ ಹಾವು ಕಚ್ಚಿದಂತೆಯೇ ಭಾವಿಸಿ ನೇರ ಆಸ್ಪತ್ರೆಗೆ ಹೋಗಬೇಕು.

ಇದರಿಂದಲೇ ನನ್ನ ಎರಡನೆಯ ಮಾತು ಬರುತ್ತದೆ. ನೀವು ಈಗ ಬಿಲ, ಸಂದು, ಕಲ್ಲಿನ ಅಡಿ ಎಂದು ಕೈ ಹಾಕುತ್ತಿದ್ದೀರಿ, ಮನಸ್ಸಿನಲ್ಲಿ ನಿಮ್ಮ ಸಾಧು ಹಾವಿನ ಚಿತ್ರವಿದೆ. ಆದರೆ ಬೇಸಿಗೆಯಲ್ಲಿ ತಂಪನ್ನು ಹುಡುಕಿಕೊಂಡು ಬರುವುದು ಅದೊಂದೇ ಅಲ್ಲ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವು, ಗರಗಸ ಮಂಡಲ, ಈ ನಾಲ್ಕೂ ನಮ್ಮ ಮೂರು ಜಿಲ್ಲೆಗಳಲ್ಲಿವೆ, ನಾಲ್ಕೂ ಬಚ್ಚಲಿನ ಮೋರಿಗೆ ಬರುತ್ತವೆ. ಕಟ್ಟುಹಾವು ಕಚ್ಚಿದ್ದು ನಿದ್ದೆಯಲ್ಲಿ ಎಷ್ಟೋ ಸಲ ತಿಳಿಯುವುದೂ ಇಲ್ಲ. ಬರಿಗೈಯನ್ನು ಎಲ್ಲಿಗೂ ಹಾಕದೆ ಮೊದಲು ಟಾರ್ಚ್ ಬೆಳಕು, ಆಮೇಲೆ ಉದ್ದನೆಯ ಕೋಲು, ಕಣ್ಣಿಗೆ ಪೂರ್ತಿ ಕಂಡ ಮೇಲೆ ಕೈ ಎಂಬ ಕ್ರಮವನ್ನು ಬಿಡಬೇಡಿರಿ. ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು ಸರಪಣಿಯಂತೆ ಮೂರು ಸಾಲಾಗಿ ಇರುತ್ತವೆ, ಕೆಣಕಿದರೆ ಕುಕ್ಕರಿನ ಸೀಟಿಯಂತೆ ಬುಸುಗುಟ್ಟುತ್ತದೆ. ನಿಮ್ಮ ಹಾವಿನ ಕಂದು ಮಚ್ಚೆಗಳಿಗೆ ಅಂಥ ಸಾಲಿಲ್ಲ, ಒಂದರಂತೆ ಇನ್ನೊಂದಿಲ್ಲ, ಮೇಲ್ದುಟಿಯ ಅಂಚಿನಲ್ಲಿ ಶಾಖ ಅರಿಯುವ ಸಣ್ಣ ಕುಳಿಗಳಿವೆ. ನಿಮಗೆ ಇದು ಗೊತ್ತೇ ಇದೆ, ಆದರೆ ನಡುರಾತ್ರಿ ಮೂಲೆಯಲ್ಲಿ ಅರ್ಧ ಮೈ ಮಾತ್ರ ಕಂಡಾಗ ಅನುಭವಿಗಳೂ ತಪ್ಪುತ್ತಾರೆ. ಅನುಮಾನ ಬಂದರೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿರಿ.

ಉತ್ತರ: ತುಂಗಭದ್ರೆಯ ದಂಡೆ (ಕಂಪ್ಲಿ)

ನನ್ನ ಮಾತು ನಿಷ್ಠುರವೆನಿಸಬಹುದು, ನಿಮ್ಮ ಸಂಕಟ ಕಂಡೂ ಹೇಳಬೇಕೆನಿಸಿದೆ. ಹೊರಗೆ ಬದುಕೀತೇ ಎಂದು ಕೇಳಿದ್ದೀರಿ. ಬಯಲಿನ ಬಿಸಿಲಿಗೆ ಸಿಕ್ಕಿದರೆ ಒಂದು ಮಧ್ಯಾಹ್ನವನ್ನೂ ತಾಳಲಾರದು, ಗಟಾರದ ಕಲ್ಲುಚಪ್ಪಡಿಯ ಕೆಳಗೆ ಸೇರಿದರೆ, ಇಲಿಗಳಿಗೆ ಬರವಿಲ್ಲದ ಊರಿನಲ್ಲಿ ತಿಂಗಳುಗಟ್ಟಲೆ ಬದುಕಬಹುದು. ಹಾಗೆ ಬದುಕುವುದೂ ಒಳ್ಳೆಯ ಸುದ್ದಿಯಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಜನರು ಸಾಕಿ ಬಿಟ್ಟ ಮತ್ತು ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬೇರೂರಿ, ಅಲ್ಲಿನ ಸಣ್ಣ ಪ್ರಾಣಿಗಳನ್ನು ತಿಂದು ಬರಿದುಮಾಡಿವೆ. ನಿಮ್ಮ ಒಂಟಿ ಹಾವಿನಿಂದ ಬಳ್ಳಾರಿಯಲ್ಲಿ ಹಾಗಾಗುತ್ತದೆ ಎನ್ನುತ್ತಿಲ್ಲ. ಆದರೆ ನಮ್ಮ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಮೀಸಲು ಪ್ರದೇಶವಾಗಿದೆ, ಅದರ ದಂಡೆಯಲ್ಲೇ ನಿಂತು ಒಬ್ಬರು ಪ್ಲಾಸ್ಟಿಕ್ ಡಬ್ಬಿಯಿಂದ ಕೆಂಪುಕಿವಿಯ ಆಮೆಗಳನ್ನು ನೀರಿಗೆ ಸುರಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಳಿದರೆ, ತೊಟ್ಟಿಯಿಂದ ಹತ್ತಿ ಹತ್ತಿ ಹೊರಬರುತ್ತಿದ್ದವು, ಸಾಕಾಯಿತು ಎಂದರು. ನಾಣ್ಯದಷ್ಟಿದ್ದಾಗ ತಂದ ಆ ಅಮೆರಿಕದ ಆಮೆ ಊಟದ ತಟ್ಟೆಯಷ್ಟು ಬೆಳೆಯುತ್ತದೆ, ದಶಕಗಳ ಕಾಲ ಬದುಕುತ್ತದೆ, ನಮ್ಮ ಆಮೆಗಳ ಪಾಲಿನ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಆಕ್ರಮಿಸುತ್ತದೆ.

ನೀವು ನೋಂದಣಿ ಮಾಡಿಸಿದ್ದು ಬಹಳ ದೊಡ್ಡ ವಿಷಯ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಗಿ, ನೋಂದಣಿಯ ನಿಯಮಗಳು 2024ರ ಫೆಬ್ರುವರಿಯಲ್ಲಿ ಬಂದ ಮೇಲೂ ಕಾಗದವಿಲ್ಲದೆ ಸಾಕುವವರಿದ್ದಾರೆ. ಅಂಥವರ ಪ್ರಾಣಿ ತಪ್ಪಿಸಿಕೊಂಡರೆ ಓಣಿಗೆ ಹೇಳುವ ಧೈರ್ಯವೂ ಅವರಿಗೆ ಇರುವುದಿಲ್ಲ. ನಿಮಗೆ ಅಂಥ ಅಡ್ಡಿಯಿಲ್ಲ, ಆದ್ದರಿಂದ ಹಾವು ಮನೆಯಲ್ಲಿಲ್ಲ ಎಂದು ಖಚಿತವಾದರೆ ಅರಣ್ಯ ಇಲಾಖೆಗೂ ಬರೆದು ತಿಳಿಸಿರಿ. ಅದು ಸಿಕ್ಕ ಮೇಲೆ, 40 ಡಿಗ್ರಿಯ ಊರಿನಲ್ಲಿ, ಕರೆಂಟ್ ಹೋದಾಗಲೂ ಅದನ್ನು ತಂಪಾಗಿಡಲು ನಿಮ್ಮಿಂದ ಸಾಧ್ಯವೇ ಎಂಬ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಅದು ಹೊರಗೆ ಹೋಗಲು ದಾರಿ ಹುಡುಕಿದ್ದಕ್ಕೆ ಒಳಗಿನ ಸೆಖೆಯೇ ಕಾರಣವಾಗಿರಬಹುದು.

ಕೋಟೆಬೆಟ್ಟ (ಬಳ್ಳಾರಿ)

ಹಾವು ಸಿಕ್ಕಿತು. ಶುಕ್ರವಾರ ರಾತ್ರಿ, ಹನ್ನೊಂದೂವರೆಗೆ.

ಬುಧವಾರವೇ ಪಕ್ಕದ ಎರಡೂ ಮನೆಗಳಿಗೆ ಹೋಗಿ ಹೇಳಿದೆ. ಮಗುವಿನ ತಂದೆ ಮೊದಲು ಸಿಟ್ಟಾದರು, ಆಗಬೇಕಾದದ್ದೇ. ಮೂರು ದಿನ ಏಕೆ ಸುಮ್ಮನಿದ್ದಿರಿ ಎಂದು ಅವರು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸಂಜೆ ಅವರೇ ಒಂದು ದೊಡ್ಡ ಟಾರ್ಚ್ ಹಿಡಿದುಕೊಂಡು ಬಂದು ಬಚ್ಚಲಿನ ಜಾಲರಿ ಬಿಗಿಯಲು ಕೈ ಕೊಟ್ಟರು. ಕೂಲರಿನಲ್ಲಿ ಏನೂ ಇರಲಿಲ್ಲ. ಗುರುವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಿನ ಹಿಟ್ಟಿನಲ್ಲಿ ಹೇಳಿದಂತೆಯೇ ಎರಡು ಬೆರಳು ಅಗಲದ ಪಟ್ಟಿ ಮೂಡಿತ್ತು, ಅದು ಒಳಗೆ ಹೋದ ಗುರುತೋ ಹೊರಗೆ ಬಂದದ್ದೋ ತಿಳಿಯಲಿಲ್ಲ. ಮರುರಾತ್ರಿ ದೀಪ ಆರಿಸಿ ಅಡುಗೆಮನೆಯಲ್ಲಿಯೇ ಕುಳಿತೆ. ನಮ್ಮಲ್ಲಿ ಕುಡಿಯುವ ನೀರಿನ ಗಡಿಗೆಯನ್ನು ಮೂಲೆಯಲ್ಲಿ ಇಟ್ಟಿಗೆಗಳ ನಡುವೆ ಒದ್ದೆ ಮರಳು ಹಾಕಿ ಕೂರಿಸಿದ್ದೇವೆ. ತಾಯಿ ಹಗಲೆಲ್ಲಾ ಅದರಿಂದಲೇ ನೀರು ಬಗ್ಗಿಸಿಕೊಂಡಿದ್ದರು. ಟಾರ್ಚ್ ಹಾಯಿಸಿದಾಗ ಗಡಿಗೆಯ ಹಿಂದಿನ ಮರಳು ಮೆಲ್ಲಗೆ ಕುಸಿದಂತೆ ಕಂಡಿತು, ಆಮೇಲೆ ಮೂತಿ ಕಂಡಿತು. ಗಡಿಗೆಯ ಬುಡಕ್ಕೆ ಒಂದು ಸುತ್ತು ಸುತ್ತಿ, ಅರ್ಧ ಮೈ ಮರಳಿನಲ್ಲಿ ಹೂತು ಮಲಗಿತ್ತು. ಇಡೀ ಮನೆಯಲ್ಲಿ ಅದಕ್ಕಿಂತ ತಣ್ಣನೆಯ ಜಾಗ ಇನ್ನೊಂದಿರಲಿಲ್ಲ.

ತೂಕ 1,140 ಗ್ರಾಂ ಇದೆ. ಮೈಯ ಚರ್ಮ ಸ್ವಲ್ಪ ಸುಕ್ಕಾಗಿದೆ, ಗಾಯವಿಲ್ಲ. ಪೆಟ್ಟಿಗೆಯೊಳಗಿನ ತಾಪಮಾನ ಅಳೆದು ನೋಡಿದೆ, ಸಂಜೆ ಐದಕ್ಕೆ ತಂಪಿನ ಬದಿಯಲ್ಲಿಯೇ 36 ಇತ್ತು. ಕಂಪ್ಲಿಯವರು ಹೇಳಿದ್ದು ನಿಜ. ಈಗ ಪೆಟ್ಟಿಗೆಯನ್ನು ಮಾಳಿಗೆಯ ಕೋಣೆಯಿಂದ ಕೆಳಗಿನ ನಡುಮನೆಗೆ ಇಳಿಸಿದ್ದೇನೆ, ಜಾರುಬಾಗಿಲಿಗೆ ಅಂಗಡಿಯ ಗಾಜಿನ ಕಪಾಟುಗಳಿಗೆ ಹಾಕುವಂಥ ಹಲ್ಲುಪಟ್ಟಿಯ ಬೀಗ ಹಾಕಿಸಿದ್ದೇನೆ. ಇಷ್ಟು ದಿನ ಉಪವಾಸವಿದ್ದ ಹಾವಿಗೆ ಇಂದೇ ಆಹಾರ ಕೊಡಬಹುದೇ?

ಎರೆಹೊಲ (ರಾಯಚೂರು)

ಓದಿ ಬಹಳ ಸಮಾಧಾನವಾಯಿತು. ಇಂದು ಆಹಾರ ಬೇಡ. ಅಗಲವಾದ ಡಬ್ಬಿಯಲ್ಲಿ ಅದರ ಮೈ ಅರ್ಧ ಮುಳುಗುವಷ್ಟು ಮಾತ್ರ ನೀರು ಹಾಕಿ, ಇಪ್ಪತ್ತು ನಿಮಿಷ ಬಿಡಿರಿ, ನೀವು ಪಕ್ಕದಲ್ಲಿಯೇ ಇರಬೇಕು. ನೀರು ಟ್ಯಾಂಕಿನಿಂದ ನೇರವಾಗಿ ಬೇಡ, ಈ ಬಿಸಿಲಿಗೆ ಅದು ಕಾದಿರುತ್ತದೆ. ಒಂದು ವಾರ ಮುಟ್ಟದೆ, ತೋರಿಸಲು ಹೊರಗೆ ತೆಗೆಯದೆ, ಅದರ ಅಡಗುತಾಣದಲ್ಲಿ ಬಿಟ್ಟುಬಿಡಿರಿ. ಆಮೇಲೆ ಎಂದಿಗಿಂತ ಚಿಕ್ಕದಾದ ಒಂದು ಇಲಿಯನ್ನು ರಾತ್ರಿ ಕೊಡಿರಿ, ತಿನ್ನದಿದ್ದರೆ ಮತ್ತೊಂದು ವಾರ ಕಾಯಿರಿ. ಬಾಯಿ ತೆರೆದು ಉಸಿರಾಡಿದರೆ ಅಥವಾ ಮೂಗಿನ ಹೊಳ್ಳೆಯಲ್ಲಿ ಗುಳ್ಳೆ ಕಂಡರೆ ಮಾತ್ರ ಕಾಯದೆ, ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿರಿ. ಗಡಿಗೆಯ ಹಳೆಯ ಮರಳನ್ನು ತೆಗೆದು ಹೊಸದು ಹಾಕಿರಿ, ಗಡಿಗೆಯನ್ನು ಕುದಿಯುವ ನೀರಿನಲ್ಲಿ ತೊಳೆದು ಒಂದು ದಿನ ಬಿಸಿಲಿಗೆ ಇಡಿರಿ, ಹಾವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.